ದೀಕ್ಷಾಸ್ನಾನಕ್ಕೆ ಅನರ್ಹವಾದ ದೇಹವಿದೆಯೇ? ಸ್ಯಾಲಿ ಗ್ರಾಸ್ ಪ್ರಕರಣ

ಕಥೋಲಿಕ ಯಾಜಕರಾಗಿ, ಆಕ್ಸ್‌ಫರ್ಡಿನ ಡೊಮಿನಿಕನ್ ಸಂನ್ಯಾಸಿ ಸಂಘದ ಮಠದಲ್ಲಿ ನೀತಿಶಾಸ್ತ್ರ ಬೋಧಿಸುತ್ತಿದ್ದ ಒಬ್ಬರು, ನಲವತ್ತರ ಆಸುಪಾಸಿನಲ್ಲಿ ತಾವು ಅಂತರಲಿಂಗಿ ಎಂಬುದನ್ನು ಅರಿತುಕೊಂಡರು. ಕೆಲವೇ ವರ್ಷಗಳಲ್ಲಿ ಅವರ ಯಾಜಕ ಸ್ಥಾನ, ಮಠದ ವ್ರತ, ಧರ್ಮಸಭೆಯ (ಚರ್ಚಿನ) ಸಹಭಾಗಿತ್ವ ಎಲ್ಲವೂ ಹೋದವು. ಅವರ ಹೆಸರು ಸ್ಯಾಲಿ ಗ್ರಾಸ್. ತಮ್ಮ ಬದುಕನ್ನು ಕುರಿತು ಅವರೇ ಬಹಿರಂಗವಾಗಿ ಬರೆದರು, ಮಾತನಾಡಿದರು; ಹಾಗಾಗಿ ಈ ಪ್ರಕರಣವನ್ನು ಹೆಸರು ಹಿಡಿದು ಚರ್ಚಿಸಲು ಸಾಧ್ಯವಾಗಿದೆ.

ಅಂತರಲಿಂಗಿ ಎಂದರೆ ಹುಟ್ಟಿನಿಂದಲೇ ವರ್ಣತಂತು, ಹಾರ್ಮೋನು, ಗ್ರಂಥಿ ಅಥವಾ ಜನನಾಂಗದ ರಚನೆ ಗಂಡು ಅಥವಾ ಹೆಣ್ಣು ಎಂಬ ರೂಢಿಯ ವಿವರಣೆಗೆ ಪೂರ್ತಿ ಹೊಂದದವರು. ಯಾವ ಯಾವ ಸ್ಥಿತಿಗಳನ್ನು ಇದರಲ್ಲಿ ಸೇರಿಸಬೇಕು ಎಂಬುದರ ಮೇಲೆ ಸಂಖ್ಯೆ ಬದಲಾಗುತ್ತದೆ. ವ್ಯಾಪಕ ವ್ಯಾಖ್ಯೆಯಲ್ಲಿ ಅದು ಶೇಕಡ 1.7ರಷ್ಟು, ಅತಿ ಬಿಗಿಯಾದ ವ್ಯಾಖ್ಯೆಯಲ್ಲಿ ಶೇಕಡ 0.018ರಷ್ಟು. ಟ್ರಾನ್ಸ್‌ಜೆಂಡರ್ ಎಂಬುದು ಬೇರೆ: ಹುಟ್ಟಿದಾಗ ದಾಖಲಾದ ಲಿಂಗಕ್ಕೂ ತಾನು ಯಾರು ಎಂಬ ಒಳಗಿನ ಅರಿವಿಗೂ ಹೊಂದಿಕೆ ಇಲ್ಲದವರು. ಎರಡನ್ನೂ ಒಂದೇ ಎಂದು ಬೆರೆಸಬಾರದು. ಆದರೆ ಗ್ರಾಸ್ ಅವರ ಬದುಕಿನಲ್ಲಿ ಇವೆರಡೂ ಹೇಗೆ ಒಂದರ ಮೇಲೊಂದು ಬಿದ್ದವು ಎಂಬುದನ್ನು ಮುಂದೆ ನೋಡಬೇಕಾಗುತ್ತದೆ.

ಹಿನ್ನೆಲೆ

ಗ್ರಾಸ್ ಹುಟ್ಟಿದ್ದು 1953ರಲ್ಲಿ, ದಕ್ಷಿಣ ಆಫ್ರಿಕಾದ ಕೇಪ್ ಟೌನಿನ ವಿನ್‌ಬರ್ಗ್‌ನಲ್ಲಿ, ಯೆಹೂದಿ ಕುಟುಂಬದಲ್ಲಿ. ಜನನಾಂಗದ ರಚನೆ ಅಸ್ಪಷ್ಟವಾಗಿದ್ದರೂ ಮಗುವನ್ನು ಗಂಡೆಂದು ದಾಖಲಿಸಲಾಯಿತು. ಗಂಡು ಹೆಸರನ್ನೇ ಇಟ್ಟು ಬೆಳೆಸಲಾಯಿತು. ಯೌವನದಲ್ಲಿ ವರ್ಣಭೇದ ನೀತಿಯ ವಿರುದ್ಧದ ಹೋರಾಟಕ್ಕೆ ಇಳಿದರು, ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಸೇರಿದರು, ದೇಶ ತೊರೆಯಬೇಕಾಯಿತು. ಈ ನಡುವೆ 1976ರಲ್ಲಿ ಕಥೋಲಿಕ ಸಭೆಯಲ್ಲಿ, ಕ್ರೈಸ್ತರಾಗುವ ಸಂಸ್ಕಾರವಾದ ದೀಕ್ಷಾಸ್ನಾನ ಪಡೆದರು. 1981ರಲ್ಲಿ ಆಕ್ಸ್‌ಫರ್ಡಿನಲ್ಲಿ ಡೊಮಿನಿಕನ್ ಸಂಘ ಸೇರಿ, 1987ರಲ್ಲಿ ಯಾಜಕ ದೀಕ್ಷೆ ಪಡೆದರು.

ತೋರಾ ಎಂಬ ಯೆಹೂದಿ ಧರ್ಮಗ್ರಂಥ ಮತ್ತು ರಬ್ಬಿಗಳೆಂಬ ಧರ್ಮಗುರುಗಳ ವ್ಯಾಖ್ಯಾನ ಪರಂಪರೆಯ ನಡುವೆ ಬೆಳೆದವರು ಅವರು; ಆಮೇಲೆ ಮಧ್ಯಯುಗದ ದೇವಶಾಸ್ತ್ರಜ್ಞ ಅಕ್ವಿನಾಸನ ಡೊಮಿನಿಕನ್ ಸಂಘದಲ್ಲಿ ತರಬೇತಾದವರು. ಪ್ರಕರಣಕ್ಕೆ ಈ ಹಿನ್ನೆಲೆ ಮುಖ್ಯ. ತಮ್ಮ ಮೇಲೆ ಬಂದ ದೇವಶಾಸ್ತ್ರದ ಆಕ್ಷೇಪಕ್ಕೆ ಅವರು ಕಣ್ಣೀರಿನಿಂದಷ್ಟೇ ಉತ್ತರಿಸಬೇಕಾಗಿರಲಿಲ್ಲ, ಶಾಸ್ತ್ರದಿಂದಲೇ ಉತ್ತರಿಸಬಲ್ಲವರಾಗಿದ್ದರು. ಅಂತರಲಿಂಗಿ ವಿಶ್ವಾಸಿಗಳನ್ನು ಕುರಿತ ಬಹುಪಾಲು ಬರಹ ಅವರನ್ನು ಚರ್ಚೆಯ ವಸ್ತುವಾಗಿ ಇಟ್ಟು ನೋಡುತ್ತದೆ. ಇಲ್ಲಿ ಆ ವಸ್ತುವೇ ವ್ಯಾಖ್ಯಾನಕಾರರೂ ಹೌದು.

ಸಭೆ ನಡೆದುಕೊಂಡ ರೀತಿ

1990ರ ದಶಕದ ಆರಂಭದಲ್ಲಿ ಗ್ರಾಸ್ ಆಪ್ತಸಲಹೆ ಪಡೆಯತೊಡಗಿದರು, ವೈದ್ಯಕೀಯ ಪರೀಕ್ಷೆಗಳಾದವು, ತಮ್ಮ ದೇಹದ ಬಗ್ಗೆ ಬಾಲ್ಯದಿಂದ ಮಸುಕಾಗಿ ಗೊತ್ತಿದ್ದದ್ದು ಈಗ ಹೆಸರು ಪಡೆಯಿತು. ಸ್ತ್ರೀಯಾಗಿ ಬದುಕುವುದೇ ತಮಗೆ ಸರಿ ಎಂಬ ನಿರ್ಧಾರಕ್ಕೆ ಬಂದರು. ಸಂಘ ಅವರನ್ನು ರಜೆಯ ಮೇಲೆ ಕಳಿಸಿತು. ದಶಕಕ್ಕೂ ಹೆಚ್ಚು ಕಾಲ ದಿನದ ಪ್ರಾರ್ಥನೆ, ಊಟ, ಪಾಠ ಎಲ್ಲವನ್ನೂ ಹಂಚಿಕೊಂಡಿದ್ದ ಸಮುದಾಯದಿಂದ ದೂರವಾಗಿ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಈಸ್ಟ್‌ಬೋರ್ನ್‌ನಲ್ಲಿ ಒಂಟಿಯಾಗಿ ಬದುಕಿದರು. ಕೊನೆಗೆ ರೋಮಿನಿಂದ ಪೋಪರ ಆಜ್ಞಾಪತ್ರ ಬಂದಿತು: ಯಾಜಕ ಸ್ಥಾನ ರದ್ದು, ಮಠದ ವ್ರತಗಳೂ ರದ್ದು.

ಅಧಿಕೃತ ಕ್ರಮದ ಜೊತೆಗೆ ಗ್ರಾಸ್ ಸಾಮಾನ್ಯ ವಿಶ್ವಾಸಿಗಳ ಬಾಯಿಂದ ಬಂದ ಮಾತನ್ನೂ ಎದುರಿಸಬೇಕಾಯಿತು. ಬೈಬಲನ್ನು ಅಕ್ಷರಶಃ ಓದುವ ಕೆಲವರು ಅವರ ಮುಂದಿಟ್ಟ ತರ್ಕ ಹೀಗಿತ್ತು. ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 1:27ರ ಪ್ರಕಾರ ದೇವರು ಮನುಷ್ಯರನ್ನು ಗಂಡು ಹೆಣ್ಣಾಗಿ ಸೃಷ್ಟಿಸಿದನು. ಸ್ಪಷ್ಟವಾಗಿ ಗಂಡೂ ಅಲ್ಲದ, ಹೆಣ್ಣೂ ಅಲ್ಲದ ವ್ಯಕ್ತಿ ಆ ವಚನದ ಅರ್ಥದಲ್ಲಿ ಮನುಷ್ಯರಲ್ಲ. ಮನುಷ್ಯರಿಗೆ ಮಾತ್ರ ದೀಕ್ಷಾಸ್ನಾನ ಸಲ್ಲುತ್ತದೆ. ಆದ್ದರಿಂದ 1976ರಲ್ಲಿ ಗ್ರಾಸ್ ಪಡೆದ ದೀಕ್ಷಾಸ್ನಾನ ಆರಂಭದಿಂದಲೇ ಅಸಿಂಧು. ನಾಯಿಗೋ ಬೆಕ್ಕಿಗೋ ನೀರು ಸುರಿದರೆ ಹೇಗೆ ಅದು ಸಂಸ್ಕಾರವಾಗುವುದಿಲ್ಲವೋ ಹಾಗೆ.

ಇದನ್ನು ಅಜ್ಞಾನಿಗಳ ಮಾತೆಂದು ಬದಿಗೆ ತಳ್ಳುವ ಆಸೆಯಾಗುತ್ತದೆ. ನಾನು ಹಾಗೆ ಮಾಡಲಾರೆ. ಆದಿಕಾಂಡ 1:27 ಒಬ್ಬೊಬ್ಬ ವ್ಯಕ್ತಿಯೂ ಪೂರೈಸಬೇಕಾದ ಷರತ್ತು ಎಂದು ಒಮ್ಮೆ ಒಪ್ಪಿಕೊಂಡರೆ ಈ ತೀರ್ಮಾನ ತಾನಾಗಿಯೇ ಹೊರಬರುತ್ತದೆ. ಅದೇ ವಚನವನ್ನು ಅದೇ ರೀತಿ ಓದಿ, ಈ ಕೊನೆಯ ಮೆಟ್ಟಿಲಿನ ತನಕ ಹೋಗದೆ ನಡುವೆಯೇ ನಿಲ್ಲುವವರು ಬಹಳ ಮಂದಿ. ದೋಷ ಇರುವುದು ಮೊದಲ ಮೆಟ್ಟಿಲಿನಲ್ಲಿ.

ದೀಕ್ಷಾಸ್ನಾನದ ಪ್ರಶ್ನೆ

ಬೈಬಲಿನಿಂದಲೇ ಆರಂಭಿಸೋಣ. ಮತ್ತಾಯ 19ನೇ ಅಧ್ಯಾಯದಲ್ಲಿ ಫರಿಸಾಯರೆಂಬ ಯೆಹೂದಿ ಪಂಥದವರು ಯೇಸುವನ್ನು ವಿಚ್ಛೇದನದ ಬಗ್ಗೆ ಕೇಳುತ್ತಾರೆ. ಉತ್ತರವಾಗಿ ಯೇಸು 4ನೇ ವಚನದಲ್ಲಿ ಎತ್ತಿ ಹೇಳುವುದು ಇದೇ ಆದಿಕಾಂಡ 1:27ನ್ನು. ಗಂಡು ಹೆಣ್ಣಿನ ಸೃಷ್ಟಿ ಇಲ್ಲಿ ವಿವಾಹದ ಅಡಿಪಾಯ. ಅದೇ ಸಂಭಾಷಣೆ ಮುಂದುವರಿದು, ಹೀಗಾದರೆ ಮದುವೆಯಾಗದಿರುವುದೇ ಒಳ್ಳೆಯದು ಎಂದು ಶಿಷ್ಯರು ಹೇಳಿದಾಗ, 12ನೇ ವಚನದಲ್ಲಿ ಯೇಸು ನಪುಂಸಕರ ಮಾತು ತೆಗೆಯುತ್ತಾರೆ. ಮೊದಲು ಹೆಸರಿಸುವುದೇ ತಾಯಿಯ ಗರ್ಭದಿಂದ ಹಾಗೆ ಹುಟ್ಟಿದವರನ್ನು. ಅವರನ್ನು ಖಂಡಿಸುವುದಿಲ್ಲ, ಗುಣಪಡಿಸಬೇಕು ಎನ್ನುವುದಿಲ್ಲ, ಮನುಷ್ಯಕುಲದಿಂದ ಹೊರಗಿಡುವುದಿಲ್ಲ. ಎಂಟು ವಚನಗಳ ಅಂತರದಲ್ಲಿ ಒಬ್ಬನೇ ಗುರು ಎರಡನ್ನೂ ಹೇಳುತ್ತಾನೆ. ಮೊದಲಿನದನ್ನು ಹಿಡಿದು ಎರಡನೆಯವರನ್ನು ಹೊಡೆಯುವ ವ್ಯಾಖ್ಯಾನ ಆ ಅಧ್ಯಾಯವನ್ನು ಪೂರ್ತಿ ಓದಿದ ವ್ಯಾಖ್ಯಾನವಲ್ಲ.

ಇದಕ್ಕೆ ಹಿಂದೆ ಒಂದು ದೀರ್ಘ ಎಳೆ ಇದೆ. ಧರ್ಮೋಪದೇಶಕಾಂಡ 23:1 ಜನನಾಂಗಕ್ಕೆ ಹಾನಿಯಾದವರನ್ನು ಕರ್ತನ ಸಭೆಯಿಂದ ಹೊರಗಿಡುತ್ತದೆ. ಯೆಶಾಯ 56 ಅದೇ ಜನರನ್ನು ಕರೆದು, ತನ್ನ ಮನೆಯ ಗೋಡೆಗಳೊಳಗೆ ಪುತ್ರಪುತ್ರಿಯರಿಗಿಂತ ಮಿಗಿಲಾದ ಹೆಸರು ಕೊಡುತ್ತೇನೆ ಎಂಬ ದೇವರ ವಾಗ್ದಾನವನ್ನು ಸಾರುತ್ತದೆ. ಅಪೊಸ್ತಲರ ಕೃತ್ಯಗಳು 8ನೇ ಅಧ್ಯಾಯದಲ್ಲಿ ಐಥಿಯೋಪ್ಯದ ಕಂಚುಕಿ (ರಾಣಿಯ ಆಸ್ಥಾನದ ನಪುಂಸಕ ಅಧಿಕಾರಿ) ಗಾಜಾದ ದಾರಿಯಲ್ಲಿ ರಥದೊಳಗೆ ಕುಳಿತು ಓದುತ್ತಿರುವುದೂ ಯೆಶಾಯನ ಪುಸ್ತಕವನ್ನೇ, 53ನೇ ಅಧ್ಯಾಯವನ್ನು. ನೀರು ಕಂಡಾಗ ಅವನು ತನಗೆ ಬೋಧಿಸುತ್ತಿದ್ದ ಫಿಲಿಪ್ಪನನ್ನು ಕೇಳುವುದು ಒಂದೇ ಮಾತು: ನನಗೆ ದೀಕ್ಷಾಸ್ನಾನವಾಗಲು ಅಡ್ಡಿಯೇನು? ಅಡ್ಡಿಯನ್ನು ಎತ್ತಿ ತೋರಿಸಲು ಧರ್ಮೋಪದೇಶಕಾಂಡ ಫಿಲಿಪ್ಪನ ಕೈಯಲ್ಲೇ ಇತ್ತು. ಅವನು ಅದನ್ನು ತೆಗೆಯಲಿಲ್ಲ. ಇಬ್ಬರೂ ನೀರಿಗೆ ಇಳಿದರು. ಗ್ರಾಸ್ ಅವರಿಗೆ ಎದುರಾದದ್ದು ಅದೇ ಪ್ರಶ್ನೆ, ಆದರೆ ದೀಕ್ಷಾಸ್ನಾನವಾಗಿ ಹದಿನೈದಕ್ಕೂ ಹೆಚ್ಚು ವರ್ಷಗಳ ಬಳಿಕ, ತಲೆಕೆಳಗಾಗಿ.

ಗ್ರಾಸ್ ತಮ್ಮ ವಾದಕ್ಕೆ ಮೊರೆಹೋದದ್ದು ತಮ್ಮ ಬಾಲ್ಯದ ಪರಂಪರೆಗೆ. ಅಂತರಲಿಂಗ ಮತ್ತು ಧರ್ಮಗ್ರಂಥವನ್ನು ಕುರಿತು 1999ರಲ್ಲಿ ಅವರು ಬರೆದ ಲೇಖನ ದೇವಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಆದಿಕಾಂಡದ ಮೇಲಿನ ಹಳೆಯ ರಬ್ಬಿ ವ್ಯಾಖ್ಯಾನಗಳಲ್ಲಿ ಮೊದಲ ಆದಾಮ ಗಂಡು ಹೆಣ್ಣು ಎರಡೂ ಆಗಿ ಸೃಷ್ಟಿಯಾದನು ಎಂಬ ಅಭಿಪ್ರಾಯ ದಾಖಲಾಗಿದೆ. ಸುಮಾರು ಕ್ರಿ.ಶ. 200ರಲ್ಲಿ ಸಂಕಲನಗೊಂಡ ಯೆಹೂದಿ ಕಾನೂನು ಸಂಗ್ರಹ ಮಿಷ್ನಾ ಎರಡೂ ಲಕ್ಷಣವುಳ್ಳವರ ಬಗ್ಗೆ ಸಾವಧಾನವಾಗಿ ಚರ್ಚಿಸುತ್ತದೆ. ಯಾವ ವಿಷಯದಲ್ಲಿ ಅವರು ಗಂಡಸರಂತೆ, ಯಾವುದರಲ್ಲಿ ಹೆಂಗಸರಂತೆ, ಯಾವುದರಲ್ಲಿ ಇಬ್ಬರಂತೆಯೂ, ಯಾವುದರಲ್ಲಿ ಯಾರಂತೆಯೂ ಅಲ್ಲ ಎಂದು ವಿಂಗಡಿಸುತ್ತದೆ. ಅವರನ್ನು ಕೊಂದವರಿಗೆ, ಹೊಡೆದವರಿಗೆ ಉಳಿದ ಮನುಷ್ಯರ ವಿಷಯದಲ್ಲಿ ಇರುವ ಶಿಕ್ಷೆಯೇ ಇದೆ. ಅವರು ಮನುಷ್ಯರೋ ಅಲ್ಲವೋ ಎಂಬ ಸಂದೇಹ ಅಲ್ಲಿ ಏಳುವುದೇ ಇಲ್ಲ.

ಕ್ರೈಸ್ತರಲ್ಲೂ ಇದಕ್ಕೆ ಉತ್ತರ ಬಹಳ ಹಿಂದೆಯೇ ಸಿಕ್ಕಿತ್ತು. 5ನೇ ಶತಮಾನದ ಆರಂಭದಲ್ಲಿ ಹಿಪ್ಪೋದ ಬಿಷಪ್ ಅಗಸ್ಟಿನ್ ‘ದೇವರ ನಗರ’ದ 16ನೇ ಸಂಪುಟದ 8ನೇ ಅಧ್ಯಾಯದಲ್ಲಿ ಎರಡೂ ಲಿಂಗದ ಲಕ್ಷಣಗಳೊಂದಿಗೆ ಹುಟ್ಟುವವರನ್ನು ನೇರವಾಗಿ ಪ್ರಸ್ತಾಪಿಸುತ್ತಾರೆ. ಅಪರೂಪ, ಆದರೆ ಯಾವ ಕಾಲದಲ್ಲೂ ಇಲ್ಲದೆ ಹೋಗುವವರಲ್ಲ ಎನ್ನುತ್ತಾರೆ. ದೇಹದ ಆಕಾರ, ಬಣ್ಣ, ಚಲನೆ, ದನಿ ಏನೇ ಇರಲಿ, ವಿವೇಕವುಳ್ಳ ಮರ್ತ್ಯ ಜೀವಿಯಾಗಿ ಮನುಷ್ಯರಿಂದ ಹುಟ್ಟಿದವರು ಆದಾಮನ ಸಂತತಿಯೇ ಎಂಬುದನ್ನು ವಿಶ್ವಾಸಿಗಳು ಸಂಶಯಿಸಬಾರದು ಎಂಬುದು ಅವರ ತೀರ್ಮಾನ. ಅಂಥವರನ್ನು ರೂಢಿಯಲ್ಲಿ ‘ಮೇಲಾದ’ ಲಿಂಗದ ಹೆಸರಿನಿಂದ, ಅಂದರೆ ಗಂಡಸರೆಂದು ಕರೆಯುತ್ತಾರೆ ಎಂದೂ ಅವರು ಹೇಳುತ್ತಾರೆ. ಆ ತಾರತಮ್ಯವನ್ನು ನಾನು ಒಪ್ಪುವುದಿಲ್ಲ. ಆದರೆ ಮನುಷ್ಯತ್ವದ ಪ್ರಶ್ನೆಯನ್ನು ಅವರು ಮುಕ್ತಾಯ ಮಾಡಿದ್ದರು.

ಧರ್ಮಸಭೆಯ ಕಾನೂನಂತೂ ಇನ್ನೂ ಸ್ಪಷ್ಟ. 1917ರ ಸಂಹಿತೆಯ 748ನೇ ವಿಧಿ, ಆ ಕಾಲದ ಕಠೋರ ಭಾಷೆಯಲ್ಲಿ, ವಿಕಾರ ರೂಪದಲ್ಲಿ ಹುಟ್ಟಿದ ಶಿಶುಗಳಿಗೂ ಕಡೇಪಕ್ಷ ಷರತ್ತಿನ ಮೇಲೆಯಾದರೂ ದೀಕ್ಷಾಸ್ನಾನ ಕೊಡಲೇಬೇಕು ಎಂದಿತ್ತು. ಮನುಷ್ಯರು ಹೌದೋ ಅಲ್ಲವೋ ಎಂಬ ಅನುಮಾನ ಬಂದಾಗ ಕೊಡುವ ಕಡೆಗೇ ವಾಲಬೇಕು ಎಂಬುದು ಆ ವಿಧಿಯ ಹುರುಳು. 1983ರ ಸಂಹಿತೆಯ 864ನೇ ವಿಧಿ ಇನ್ನೂ ಸರಳ: ಇದುವರೆಗೆ ದೀಕ್ಷಾಸ್ನಾನ ಪಡೆಯದ ಪ್ರತಿಯೊಬ್ಬ ಮನುಷ್ಯರೂ ಅದನ್ನು ಪಡೆಯಲು ಅರ್ಹರು. ಲಿಂಗದ ಮಾತೇ ಇಲ್ಲ.

ಹೀಗಿರುವಾಗ ಗ್ರಾಸ್ ಅವರ ಮುಖಕ್ಕೆ ಆ ತರ್ಕವನ್ನು ಹೇಳಲು ಸಾಧ್ಯವಾದದ್ದು ಹೇಗೆ? ನನ್ನ ಅಭಿಪ್ರಾಯದಲ್ಲಿ, ಕಳೆದ ಶತಮಾನದ ಉತ್ತರಾರ್ಧದಲ್ಲಿ ಸಭೆಗಳ ಉಪದೇಶ ಗಂಡು ಹೆಣ್ಣಿನ ಭೇದಕ್ಕೆ ಎಷ್ಟು ಒತ್ತು ಕೊಟ್ಟಿತೆಂದರೆ, ಆ ಭೇದವೇ ದೇವರ ಪ್ರತಿರೂಪದ ಸಾರ ಎಂಬ ಭಾವನೆ ಹರಡಿತು. ವಿವಾಹದ ದೇವಶಾಸ್ತ್ರಕ್ಕೆ ಸೇರಿದ ಮಾತು ಮನುಷ್ಯತ್ವದ ದೇವಶಾಸ್ತ್ರದ ಜಾಗವನ್ನು ಆಕ್ರಮಿಸಿತು. ಹಳಬರು ಹಾಗೆ ಬೆರೆಸಿರಲಿಲ್ಲ.

ಯಾಜಕತ್ವದ ಪ್ರಶ್ನೆ

ಇಲ್ಲಿ ವಿಷಯ ಹೆಚ್ಚು ಕಠಿಣವಾಗುತ್ತದೆ, ಅದನ್ನು ಹಗುರ ಮಾಡಿ ತೋರಿಸುವುದು ನ್ಯಾಯವಲ್ಲ. ಅದೇ 1983ರ ಸಂಹಿತೆಯ 1024ನೇ ವಿಧಿಯ ಪ್ರಕಾರ ದೀಕ್ಷಾಸ್ನಾನ ಪಡೆದ ಪುರುಷನಿಗೆ ಮಾತ್ರ ಯಾಜಕ ದೀಕ್ಷೆ ಸಿಂಧುವಾಗಿ ಸಲ್ಲುತ್ತದೆ. 1976ರ ಅಕ್ಟೋಬರಿನಲ್ಲಿ, ಗ್ರಾಸ್ ದೀಕ್ಷಾಸ್ನಾನ ಪಡೆದ ವರ್ಷದಲ್ಲೇ, ವ್ಯಾಟಿಕನ್ ಸ್ತ್ರೀಯರ ಯಾಜಕತ್ವವನ್ನು ನಿರಾಕರಿಸುವ ಘೋಷಣೆ ಹೊರಡಿಸಿತ್ತು. ಪೂಜೆಯಲ್ಲಿ ಕ್ರಿಸ್ತನನ್ನು ಪ್ರತಿನಿಧಿಸುವ ಯಾಜಕನಿಗೆ ಪುರುಷನಾಗಿದ್ದ ಕ್ರಿಸ್ತನೊಂದಿಗೆ ಸಹಜ ಹೋಲಿಕೆ ಇರಬೇಕು ಎಂಬುದು ಅದರ ಒಂದು ವಾದ. ಈ ಚೌಕಟ್ಟಿನಲ್ಲಿ ಕುಳಿತ ಒಬ್ಬ ಮೇಲಧಿಕಾರಿಯ ಎದುರು ಸ್ತ್ರೀಯಾಗಿ ಬದುಕಲು ನಿರ್ಧರಿಸಿದ ಯಾಜಕರೊಬ್ಬರು ನಿಂತರೆ ಅವರಿಗೆ ಮುಂದಿನ ದಾರಿ ಕಾಣದೇ ಹೋಗಿರಬಹುದು. ಕ್ರೂರ ಮನಸ್ಸಿಲ್ಲದೆಯೂ ಅದೇ ನಿರ್ಧಾರಕ್ಕೆ ಬರಲು ಸಾಧ್ಯ.

ಆದರೂ ಕಾನೂನು ಹಿಡಿದ ದಾರಿಯನ್ನು ಹತ್ತಿರದಿಂದ ನೋಡಿ. 290ನೇ ವಿಧಿಯ ಪ್ರಕಾರ ಯಾಜಕ ಸ್ಥಾನ ಹೋಗುವುದು ಮೂರು ರೀತಿಯಲ್ಲಿ: ದೀಕ್ಷೆಯೇ ಅಸಿಂಧು ಎಂಬ ತೀರ್ಪು, ದಂಡನೆಯಾಗಿ ವಜಾ, ಇಲ್ಲವೇ ರೋಮಿನ ಆಜ್ಞಾಪತ್ರ. ಸಿಂಧುವಾದ ದೀಕ್ಷೆ ಎಂದಿಗೂ ಅಸಿಂಧುವಾಗದು ಎಂದು ಅದೇ ವಿಧಿಯ ಮೊದಲ ಸಾಲು ಹೇಳುತ್ತದೆ. ಗ್ರಾಸ್ ಅವರಿಗೆ ಬಂದದ್ದು ಆಜ್ಞಾಪತ್ರ. ಆ ದಾರಿಯಲ್ಲಿ ದೀಕ್ಷೆಯ ಸಿಂಧುತ್ವವನ್ನು ತೀರ್ಮಾನಿಸಬೇಕಾದ ಅಗತ್ಯ ಬೀಳುವುದಿಲ್ಲ. ಅಸ್ಪಷ್ಟ ದೇಹದವರು 1024ನೇ ವಿಧಿಯ ‘ಪುರುಷ’ ಹೌದೇ ಅಲ್ಲವೇ ಎಂಬ ನಿಜವಾದ ದೇವಶಾಸ್ತ್ರೀಯ ಪ್ರಶ್ನೆ ಹಾಗೇ ಉಳಿಯಿತು. ವ್ಯಕ್ತಿ ಮಾತ್ರ ಹೊರಗೆ ಹೋದರು.

ಪ್ರಶ್ನೆ ಹೊಸದೂ ಅಲ್ಲ. ರೋಮನ್ ಕಾನೂನಿನಲ್ಲಿ ಉಲ್ಪಿಯನ್ ಎಂಬ ನ್ಯಾಯಶಾಸ್ತ್ರಿ ಅಂಥವರಲ್ಲಿ ಯಾವ ಲಿಂಗ ಮೇಲುಗೈಯಾಗಿದೆಯೋ ಅದರ ಪ್ರಕಾರ ಪರಿಗಣಿಸಬೇಕು ಎಂದಿದ್ದ. 12ನೇ ಶತಮಾನದಲ್ಲಿ ಗ್ರೇಷಿಯನ್ ಸಂಕಲಿಸಿದ ಧರ್ಮಸಭೆಯ ಕಾನೂನಿನಲ್ಲೂ, ಸಾಕ್ಷಿ ಹೇಳುವ ಸಂದರ್ಭದಲ್ಲಿ, ಅದೇ ಸೂತ್ರ ಬರುತ್ತದೆ. ಮಧ್ಯಯುಗದ ಶಾಸ್ತ್ರಿಗಳು ಇಂಥವರು ಇದ್ದಾರೆ ಎಂದು ಒಪ್ಪಿಕೊಂಡು ನಿಯಮ ಹುಡುಕಿದರು.

ನನ್ನ ನಿಲುವು ಇದು. ಗ್ರಾಸ್ ಯಾಜಕ ಸೇವೆಯಲ್ಲಿ ಮುಂದುವರಿಯಬಹುದಿತ್ತೇ ಎಂಬ ಬಗ್ಗೆ ಕಥೋಲಿಕ ಸಿದ್ಧಾಂತದೊಳಗೆ ಪ್ರಾಮಾಣಿಕ ಭಿನ್ನಮತಕ್ಕೆ ಜಾಗವಿದೆ. ಅವರು ಸಭೆಯ ಸಹಭಾಗಿತ್ವದ ಹೊರಗೆ ಉಳಿಯಬೇಕಾಗಿ ಬಂದದ್ದಕ್ಕೆ ಆ ಸಿದ್ಧಾಂತದೊಳಗೆ ಯಾವ ಆಧಾರವೂ ಇಲ್ಲ. ವೇದಿಕೆಯಿಂದ ಇಳಿದವರಿಗೆ ದೇವಾಲಯದ ಬೆಂಚುಗಳಲ್ಲಿ ಕುಳಿತ ಜನರ ನಡುವೆ ಒಂದು ಜಾಗ ಇರಬೇಕಿತ್ತು. ಎರಡು ಬೇರೆ ಪ್ರಶ್ನೆಗಳು ಒಂದೇ ಏಟಿಗೆ ತೀರಿಹೋದವು, ಅದೂ ಕಷ್ಟದ ಪ್ರಶ್ನೆಯ ಉತ್ತರ ಸುಲಭದ ಪ್ರಶ್ನೆಯ ಮೇಲೆ ಬಿತ್ತು.

ಎರಡು ಗುಂಪು, ಒಂದು ಗೆರೆ

ಇಂದಿನ ಸಭೆಗಳ ದಾಖಲೆಗಳಲ್ಲಿ ಅಂತರಲಿಂಗಿಗಳನ್ನು ಟ್ರಾನ್ಸ್‌ಜೆಂಡರ್ ಜನರಿಂದ ಬೇರ್ಪಡಿಸುವ ರೂಢಿ ಬಂದಿದೆ. ಮೊದಲಿನವರದು ವೈದ್ಯಕೀಯ ಸ್ಥಿತಿ, ಅದಕ್ಕೆ ಸಹಾನುಭೂತಿ. ಎರಡನೆಯವರದು ಆಯ್ಕೆ, ಅದಕ್ಕೆ ಎಚ್ಚರಿಕೆ. 2024ರ ಏಪ್ರಿಲಿನಲ್ಲಿ ಪ್ರಕಟವಾದ ಮಾನವ ಘನತೆಯ ಕುರಿತ ವ್ಯಾಟಿಕನ್ ಘೋಷಣೆಯ 60ನೇ ಪರಿಚ್ಛೇದ ಹೀಗೇ ಹೇಳುತ್ತದೆ. ಲಿಂಗ ಬದಲಾವಣೆಯ ಚಿಕಿತ್ಸೆ ವ್ಯಕ್ತಿಯ ಘನತೆಗೆ ಅಪಾಯ ತರಬಹುದು. ಆದರೆ ಹುಟ್ಟಿನಿಂದ ಇರುವ ಅಥವಾ ಆಮೇಲೆ ಕಾಣಿಸಿಕೊಳ್ಳುವ ಜನನಾಂಗದ ಅಸಹಜತೆಯನ್ನು ಪರಿಹರಿಸಲು ವೈದ್ಯಕೀಯ ನೆರವು ಪಡೆಯುವುದಕ್ಕೆ ಅಡ್ಡಿಯಿಲ್ಲ.

ಗ್ರಾಸ್ ಪ್ರಕರಣವನ್ನು ಈ ಗೆರೆಯ ಪಕ್ಕ ಇಟ್ಟು ನೋಡಿದರೆ ಅದು ಎಲ್ಲಿ ಸೋರುತ್ತದೆ ಎಂದು ಗೊತ್ತಾಗುತ್ತದೆ. ಅವರು ಅಂತರಲಿಂಗಿ. ಅದೇ ಸಮಯಕ್ಕೆ ಗಂಡೆಂದು ದಾಖಲಾಗಿ, ನಲವತ್ತು ವರ್ಷ ಹಾಗೇ ಬದುಕಿ, ಆಮೇಲೆ ಸ್ತ್ರೀಯಾಗಿ ಬಾಳಿದವರು. ಸುತ್ತಲಿನವರ ಕಣ್ಣಿಗೆ ಕಂಡದ್ದು ಲಿಂಗ ಬದಲಾಯಿಸಿಕೊಂಡ ಯಾಜಕ. ಶಸ್ತ್ರಚಿಕಿತ್ಸೆಯನ್ನಂತೂ ಅವರು ಬಯಸಲೇ ಇಲ್ಲ; ಹುಟ್ಟಿನಿಂದ ಬಂದ ದೇಹವನ್ನು ಹಾಗೇ ಇಟ್ಟುಕೊಂಡರು. ‘ಪರಿಹಾರ’ಕ್ಕೆ ಅನುಮತಿ ಕೊಡುವ ದಾಖಲೆ, ಪರಿಹಾರ ಬೇಡ ಎನ್ನುವವರಿಗೆ ಏನು ಹೇಳುತ್ತದೆ? ದೇವರು ಕೊಟ್ಟ ದೇಹವನ್ನು ಗೌರವಿಸಿ ಎಂದು ಟ್ರಾನ್ಸ್‌ಜೆಂಡರ್ ವಿಶ್ವಾಸಿಗಳಿಗೆ ಹೇಳುವ ಉಪದೇಶವನ್ನು ಅಕ್ಷರಶಃ ಪಾಲಿಸಿದವರು ಗ್ರಾಸ್. ಆ ಪಾಲನೆ ಅವರಿಗೆ ಸಭೆಯಲ್ಲಿ ಜಾಗ ಕೊಡಿಸಲಿಲ್ಲ. ಹಾಗಾಗಿ ಅಂತರಲಿಂಗಿಗಳ ಪರ ಮಾತನಾಡುವಾಗ ಟ್ರಾನ್ಸ್‌ಜೆಂಡರ್ ಜನರನ್ನು ಬಿಟ್ಟುಕೊಡುವ ವಾದಗಳನ್ನು ಕಂಡಾಗ ನನಗೆ ಅಳುಕಾಗುತ್ತದೆ. ಆ ವಾದ ಗ್ರಾಸ್ ಅವರನ್ನೂ ಉಳಿಸುತ್ತಿರಲಿಲ್ಲ.

ಬೇರೆ ದಾರಿ ಹಿಡಿದ ಸಭೆಗಳೂ ಇವೆ. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯ ಸಿನೊಡ್ (ಆಡಳಿತ ಮಂಡಲಿ) 2017ರ ಜುಲೈಯಲ್ಲಿ ಟ್ರಾನ್ಸ್‌ಜೆಂಡರ್ ಜನರನ್ನು ಸ್ವಾಗತಿಸುವ ನಿರ್ಣಯ ಅಂಗೀಕರಿಸಿತು. 2018ರ ಡಿಸೆಂಬರಿನಲ್ಲಿ, ಅವರ ಬದುಕಿನ ತಿರುವನ್ನು ಗುರುತಿಸಲು ಹೊಸ ವಿಧಿ ರಚಿಸದೆ, ದೀಕ್ಷಾಸ್ನಾನದ ವಿಶ್ವಾಸವನ್ನು ಪುನರುಚ್ಚರಿಸುವ ಈಗಿರುವ ವಿಧಿಯನ್ನೇ ಬಳಸಬಹುದು ಎಂಬ ಮಾರ್ಗದರ್ಶಿ ಬಂದಿತು. ಆ ಮಾರ್ಗದರ್ಶಿ ಸಭೆಯೊಳಗೆ ಸಾಕಷ್ಟು ವಿರೋಧ ಎದುರಿಸಿತು. ಅದರ ಉದ್ದೇಶ ನನಗೆ ಮೆಚ್ಚುಗೆಯಾದದ್ದು ಒಂದು ಕಾರಣಕ್ಕೆ: ಅದು ಲಿಂಗದಿಂದ ಆರಂಭಿಸದೆ ದೀಕ್ಷಾಸ್ನಾನದಿಂದ ಆರಂಭಿಸಿತು.

ಆಮೇಲೆ

ಗ್ರಾಸ್ ದಕ್ಷಿಣ ಆಫ್ರಿಕಾಕ್ಕೆ ಮರಳಿದರು. ಅಲ್ಲಿ ಗುರುತಿನ ಪತ್ರಕ್ಕಾಗಿ ಮತ್ತೊಂದು ಹೋರಾಟ. ದಾಖಲೆ ಸರಿಪಡಿಸಬೇಕಾದರೆ ಜನನಾಂಗದ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂಬ ಸಲಹೆ ಸರ್ಕಾರದಿಂದ ಬಂದಾಗ ನಿರಾಕರಿಸಿದರು, ಸಂವಿಧಾನವನ್ನು ಮುಂದಿಟ್ಟು ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು, ಕೊನೆಗೆ ಹೆಣ್ಣೆಂದು ದಾಖಲಾದ ಜನನ ಪ್ರಮಾಣಪತ್ರ ಪಡೆದರು. ಅಂತರಲಿಂಗಿಗಳಿಗಾಗಿ ಸಂಘಟನೆ ಕಟ್ಟಿದರು. ಅವರ ಪ್ರಯತ್ನದ ಫಲವಾಗಿ 2005ರ ತಿದ್ದುಪಡಿ ಕಾಯ್ದೆಯ ಮೂಲಕ ದಕ್ಷಿಣ ಆಫ್ರಿಕಾದ ಸಮಾನತಾ ಕಾನೂನಿನಲ್ಲಿ ‘ಲಿಂಗ’ದ ವ್ಯಾಖ್ಯೆಗೆ ಅಂತರಲಿಂಗ ಸೇರಿತು. ಮಗುವಿನ ಒಪ್ಪಿಗೆಯಿಲ್ಲದೆ ನಡೆಯುವ ಶಸ್ತ್ರಚಿಕಿತ್ಸೆಗಳ ವಿರುದ್ಧ ಕೊನೆಯವರೆಗೂ ಮಾತನಾಡಿದರು. ಅಂತರಲಿಂಗಿಗಳು ಅನುಭವಿಸುವುದನ್ನು ಅವರು ಸಾಮಾಜಿಕ ಮರಣ ಎಂದು ಕರೆದರು. ಬೌದ್ಧ ಸಾಧನೆಯಲ್ಲಿ ತೊಡಗಿದರು, ಕ್ವೇಕರ್ ಎಂಬ ಕ್ರೈಸ್ತ ಸಮುದಾಯದ ಒಡನಾಟ ಇಟ್ಟುಕೊಂಡರು. 2014ರ ಫೆಬ್ರುವರಿ 14ರಂದು ಕೇಪ್ ಟೌನಿನಲ್ಲಿ ತೀರಿಕೊಂಡರು.

2023ರ ಅಕ್ಟೋಬರ್ 31ರಂದು ವ್ಯಾಟಿಕನ್ನಿನ ಸಿದ್ಧಾಂತ ಇಲಾಖೆ, ಬ್ರೆಜಿಲ್‌ನ ಬಿಷಪ್ ಒಬ್ಬರ ಪ್ರಶ್ನೆಗೆ ಉತ್ತರಿಸುತ್ತಾ, ಹಾರ್ಮೋನು ಚಿಕಿತ್ಸೆ ಮತ್ತು ಶಸ್ತ್ರಚಿಕಿತ್ಸೆ ಪಡೆದ ಟ್ರಾನ್ಸ್‌ಜೆಂಡರ್ ವ್ಯಕ್ತಿಯೂ ಉಳಿದ ವಿಶ್ವಾಸಿಗಳಿಗೆ ಇರುವ ಷರತ್ತುಗಳ ಮೇಲೆಯೇ ದೀಕ್ಷಾಸ್ನಾನ ಪಡೆಯಬಹುದು ಎಂದಿತು. ಸಾರ್ವಜನಿಕ ಅಪವಾದಕ್ಕೋ ಗೊಂದಲಕ್ಕೋ ಎಡೆಯಾಗುವಂತಿರಬಾರದು ಎಂಬ ಮಾತನ್ನು ಸೇರಿಸಿತು. ಆ ಷರತ್ತನ್ನು ಸ್ಥಳೀಯ ಗುರುಗಳು ಹೇಗೆ ಬೇಕಾದರೂ ಹಿಗ್ಗಿಸಬಹುದು, ಅದು ನನ್ನ ಆತಂಕ. ಆದರೂ ಗ್ರಾಸ್ ಅವರ ದೀಕ್ಷಾಸ್ನಾನವನ್ನು ಪ್ರಶ್ನಿಸಿದ ತರ್ಕಕ್ಕೆ ಇಷ್ಟು ನೇರ ಉತ್ತರ ರೋಮಿನಿಂದ ಬಂದದ್ದು ಅವರು ತೀರಿಕೊಂಡು ಒಂಬತ್ತು ವರ್ಷಗಳ ಬಳಿಕ.

ಈಗ ಒಂದು ಧರ್ಮಕೇಂದ್ರಕ್ಕೆ ತಂದೆತಾಯಿ ಅಸ್ಪಷ್ಟ ಜನನಾಂಗದ ಶಿಶುವನ್ನು ತಂದರೆ ಗುರುಗಳು ಮಾಡಬೇಕಾದದ್ದೇನು? ವೈದ್ಯರ ತೀರ್ಮಾನ ಬರಲಿ ಎಂದು ಕಾಯಬೇಕಿಲ್ಲ. ದಾಖಲೆ ಪುಸ್ತಕದಲ್ಲಿ ಏನು ಬರೆಯಬೇಕು ಎಂಬುದನ್ನು 877ನೇ ವಿಧಿ ಹೇಳುತ್ತದೆ: ಮಗುವಿನ ಹೆಸರು, ದೀಕ್ಷಾಸ್ನಾನ ಕೊಟ್ಟವರು, ತಂದೆತಾಯಿ, ಧರ್ಮಪೋಷಕರು, ಸಾಕ್ಷಿಗಳಿದ್ದರೆ ಅವರು, ಸಂಸ್ಕಾರ ನಡೆದ ಸ್ಥಳ ಮತ್ತು ದಿನ, ಹುಟ್ಟಿದ ಸ್ಥಳ ಮತ್ತು ದಿನ. ಲಿಂಗವನ್ನು ಬರೆಯಬೇಕು ಎಂದು ಆ ವಿಧಿಯಲ್ಲಿ ಇಲ್ಲ. ಅಚ್ಚಾದ ನಮೂನೆಯಲ್ಲಿ ಅದಕ್ಕೊಂದು ಅಂಕಣವಿದ್ದರೆ ಗುರುಗಳು ಅದನ್ನು ಖಾಲಿ ಬಿಟ್ಟು ಸಹಿ ಹಾಕಬಹುದು.